ಆಸ್ಕರಣ್ಣನ ನಲವತ್ತು ಮತ್ತೆ ನಲವತ್ತು

ಆಸ್ಕರ್ ಫೆರ್ನಾಂಡಿಸರು ತೀರಿಕೊಂಡದ್ದು 2021ರ ಸಪ್ಟೆಂಬರ್ 13ಕ್ಕೆ, ಸೋಮವಾರ. ಅವತ್ತು ಟಿವಿಯಲ್ಲಿ, ಮರುದಿನ ಪೇಪರಿನಲ್ಲಿ ಬಂದದ್ದೆಲ್ಲ ಹೆಚ್ಚುಕಮ್ಮಿ ಒಂದೇ ಪಟ್ಟಿ. ಐದು ಸಲ ಲೋಕಸಭೆ, ನಾಲ್ಕು ಸಲ ರಾಜ್ಯಸಭೆ, ಕೇಂದ್ರದಲ್ಲಿ ಮಂತ್ರಿ, ಪಕ್ಷದಲ್ಲಿ ಇಂಥಿಂಥ ಹುದ್ದೆ. ಪಟ್ಟಿ ಸರಿಯೇ ಉಂಟು. ಆದರೆ ನಾವು ಹೆಂಗಸರು ಸತ್ತ ಮನೆಗೆ ಹೋಗಿ ಬಂದ ಮೇಲೆ ಜಗುಲಿಯಲ್ಲಿ ಕೂತು ಒಬ್ಬರ ಆಯುಸ್ಸಿನ ಬಗ್ಗೆ ಮಾತಾಡುವಾಗ ಹಾಗೆ ಮಾತಾಡುದಿಲ್ಲ ಅಲ್ವಾ? ಯಾರ ಮಗ, ತಾಯಿ ಹೇಗಿದ್ದರು, ಮದುವೆ ಯಾವಾಗ ಆದದ್ದು, ಮಕ್ಕಳೆಷ್ಟು, ಕಡೆಗಾಲಕ್ಕೆ ಹತ್ತಿರ ಯಾರಿದ್ದರು, ಇದೇ ನಮ್ಮ ಪ್ರಶ್ನೆ.

ಆ ಕ್ರಮದಲ್ಲಿ ಲೆಕ್ಕ ಹಾಕಿದ್ರೆ ಆಸ್ಕರಣ್ಣನ ಆಯುಸ್ಸು ಸರಿಯಾಗಿ ಎರಡು ಪಾಲಾಗ್ತದೆ. ಹುಟ್ಟಿದ್ದು ಉಡುಪಿಯಲ್ಲಿ, 1941ರ ಮಾರ್ಚ್ 27ಕ್ಕೆ. ಮದುವೆ ಆದದ್ದು 1981ರ ಆಗಸ್ಟ್ 26ಕ್ಕೆ. ಅಂದ್ರೆ ನಲವತ್ತು ವರ್ಷ ಅಪ್ಪ ಅಮ್ಮನ ಮಗ, ಮತ್ತೆ ನಲವತ್ತು ವರ್ಷ ಗಂಡ ಮತ್ತು ತಂದೆ. ಈ ಎರಡು ನಲವತ್ತನ್ನು ಒಂದು ಮನೆಕಥೆಯ ಹಾಗೆ ಬರೆದಿಡಬೇಕು ಅಂತ ನನಗೆ ತುಂಬ ದಿನದಿಂದ ಇತ್ತು. ನಾನು ಅವರ ಸಂಬಂಧಿಕಳಲ್ಲ, ಅವರ ಧರ್ಮದವಳೂ ಅಲ್ಲ, ಅವರ ಪಕ್ಷಕ್ಕೆ ಸೇರಿದವಳೂ ಅಲ್ಲ. ಹಿರಿಯಡ್ಕದಲ್ಲಿ ಕೂತು ನೋಡಿದವಳು, ಅಷ್ಟೆ.

ಮೊದಲು ಈ ಮನೆತನಗಳು ನಮ್ಮ ಊರಿಗೆ ಬಂದ ಕಥೆ ಸ್ವಲ್ಪ ಹೇಳ್ತೇನೆ. ನಮ್ಮ ತುಳುವಿನಲ್ಲಿ ಕೆಥೊಲಿಕ್ ಗಂಡಸರಿಗೆ ‘ಪೊರ್ಬು’ ಅಂತಲೂ ಹೆಂಗಸರಿಗೆ ‘ಬಾಯಮ್ಮ’ ಅಂತಲೂ ಹೇಳುದು ನಿಮಗೆ ಗೊತ್ತುಂಟು. ಈಗಿನ ಮಕ್ಕಳಿಗೆ ಆ ಶಬ್ದದಲ್ಲಿ ಎಂಥದೋ ತಮಾಷೆ ಕಾಣ್ತದೆ. ಆದರೆ ಪೊರ್ಬು ಅಂದ್ರೆ ಬೇರೆ ಎಂಥದೂ ಅಲ್ಲ, ‘ಪ್ರಭು’. ಗೋವೆಯಲ್ಲಿ ಪೋರ್ಚುಗೀಸರ ಕಾಲದಲ್ಲಿ ಕ್ರೈಸ್ತರಾದ ಕೊಂಕಣಿ ಕುಟುಂಬಗಳಿಗೆ ಫೆರ್ನಾಂಡಿಸ್, ಲೋಬೊ, ಮಥಾಯಸ್, ಸಲ್ದಾನ ಅಂತ ಹೊಸ ಅಡ್ಡಹೆಸರು ಬಂತು. ಹಳೆಯ ಪ್ರಭು, ಪೈ, ಶೆಟ್, ಕಾಮತ್ ಅನ್ನುವುದನ್ನು ಕೆಲವು ಮನೆಯವರು ಬಿಡಲೇ ಇಲ್ಲ. ಆಸ್ಕರಣ್ಣ ಮದುವೆ ಆದ ಬ್ಲೋಸಂ ಅವರ ತವರಿನ ಹೆಸರು ‘ಮಥಾಯಸ್ ಪ್ರಭು’. ಒಂದೇ ಹೆಸರಿನಲ್ಲಿ ಗೋವೆಯ ಇಗರ್ಜಿಯೂ ಉಂಟು, ಅದಕ್ಕಿಂತ ಮುಂಚಿನ ಮನೆಯೂ ಉಂಟು.

ಅಲ್ಲಿಂದ ಯುದ್ಧ, ಬರಗಾಲ, ತೆರಿಗೆ, ವಿಚಾರಣೆಯ ಹೆದರಿಕೆ ಇದರಿಂದೆಲ್ಲ ತಪ್ಪಿಸಿಕೊಂಡು ತಂಡ ತಂಡವಾಗಿ ದಕ್ಷಿಣಕ್ಕೆ ಇಳಿದರು. ಗದ್ದೆ ಬೇಸಾಯ ಬಲ್ಲವರು ಅಂತ ಇಲ್ಲಿಯ ಅರಸರು ಜಾಗ ಕೊಟ್ಟರು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಆದದ್ದು 1678ರಲ್ಲಿ. ನಮ್ಮ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯೂ ಹಳೆಯದ್ದು, 18ನೇ ಶತಮಾನದ್ದು. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕೆಥೊಲಿಕರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ಗರ್ಭಿಣಿಯರು, ಬಾಣಂತಿಯರು, ಮುದುಕರು ಯಾರನ್ನೂ ಬಿಡಲಿಲ್ಲ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಎಷ್ಟೋ. ಉಳಿದವರಿಗೆ ಬಿಡುಗಡೆ ಆದದ್ದು 1799ರಲ್ಲಿ, ಟಿಪ್ಪು ಸತ್ತ ಮೇಲೆ. ಹದಿನೈದು ವರ್ಷದ ನಂತರ ಹಿಂದೆ ಬಂದವರು ಮೊದಲಿನಿಂದ ಗದ್ದೆ ಮಾಡಿದರು, ಇಗರ್ಜಿ ಕಟ್ಟಿದರು. ಹಾಗಾಗಿ ಈ ಕಡೆಯ ಕೆಥೊಲಿಕ್ ಮನೆಗಳಲ್ಲಿ ಮನೆಮಂದಿ ಒಟ್ಟಿಗೆ ಕೂತು ಪ್ರಾರ್ಥನೆ ಮಾಡುವುದಕ್ಕೆ ಅಷ್ಟು ಬೆಲೆ. ಇಗರ್ಜಿ ಬಿದ್ದ ಕಾಲದಲ್ಲಿಯೂ ಪ್ರಾರ್ಥನೆ ಬಾಯಲ್ಲಿ ಉಳಿದಿತ್ತು, ಅದನ್ನು ಮಕ್ಕಳಿಗೆ ಕಲಿಸಿದವರು ತಾಯಂದಿರು ಮತ್ತು ಅಜ್ಜಿಯಂದಿರು.

ಆಸ್ಕರಣ್ಣನ ತಂದೆ ರೋಕ್ ಫೆರ್ನಾಂಡಿಸರು ಹೆಡ್ ಮಾಷ್ಟ್ರು. ಮಣಿಪಾಲದಲ್ಲಿ ಶಾಲೆ ಕಾಲೇಜು ಕಟ್ಟುವ ಆರಂಭದ ದಿನಗಳಲ್ಲಿ ಆಡಳಿತದ ಕೆಲಸದಲ್ಲಿಯೂ ಇದ್ದವರು. ತಾಯಿ ಲಿಯೊನಿಸ್ಸಾ ಅವರ ವಿಷಯ ನಮ್ಮ ಹೆಂಗಸರಿಗೆ ಗೊತ್ತಿರಲೇಬೇಕು. ಅವರು ಬೆಂಚ್ ಮ್ಯಾಜಿಸ್ಟ್ರೇಟ್ ಆಗಿದ್ದವರು. ಹಾಗಂದ್ರೆ ಎಂಥದು ಅಂತ ಕೇಳ್ತೀರಿ. ಹಿಂದೆ ಸಣ್ಣ ಪುಟ್ಟ ಕೇಸುಗಳನ್ನು ವಿಚಾರಣೆ ಮಾಡ್ಲಿಕ್ಕೆ ಊರಿನ ಮರ್ಯಾದಸ್ಥರನ್ನು ಸರಕಾರವೇ ಗೌರವ ಮ್ಯಾಜಿಸ್ಟ್ರೇಟ್ ಅಂತ ನೇಮಿಸ್ತಿತ್ತು. ಒಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಕೂತು ತೀರ್ಪು ಹೇಳಿದ್ರೆ ಅದು ಬೆಂಚ್. 1974ರಲ್ಲಿ ಹೊಸ ದಂಡಪ್ರಕ್ರಿಯಾ ಸಂಹಿತೆ ಬಂದ ಮೇಲೆ ಆ ಕ್ರಮ ನಿಂತುಹೋಯ್ತು. ಹೆಂಗಸರು ಪಂಚಾಯ್ತಿ ಕಟ್ಟೆಯ ಹತ್ತಿರ ನಿಲ್ಲುವುದೂ ಕಡಿಮೆ ಇದ್ದ ಕಾಲದಲ್ಲಿ, ಮಕ್ಕಳು ತುಂಬಿದ ಮನೆಯ ತಾಯಿ ಹೋಗಿ ನ್ಯಾಯದ ಕುರ್ಚಿಯಲ್ಲಿ ಕೂತು, ಎರಡೂ ಕಡೆಯ ಮಾತು ಕೇಳಿ, ಮನೆಗೆ ಬಂದು ಮಕ್ಕಳಿಗೆ ಗಂಜಿ ಬಡಿಸಿದ್ದನ್ನು ಯೋಚನೆ ಮಾಡಿ. ಆಸ್ಕರಣ್ಣನಿಗೆ ಎದುರು ಕೂತವರ ಮಾತನ್ನು ಕೊನೆವರೆಗೆ ಕೇಳುವ ಅಭ್ಯಾಸ ಇತ್ತು ಅಂತ ಅವರ ವಿರೋಧಿಗಳೂ ಹೇಳ್ತಿದ್ದರು. ಆ ಗುಣ ದೆಹಲಿಯಲ್ಲಿ ಬಂದದ್ದಲ್ಲ, ಉಡುಪಿಯ ಮನೆಯಿಂದಲೇ ಹೋದದ್ದು ಅಂತ ನನ್ನ ಅಂದಾಜು.

ಆಗಿನ ಕೆಥೊಲಿಕ್ ಮನೆಯ ದಿನ ಹೇಗಿರ್ತಿತ್ತು ಅಂತ ನೆರೆಮನೆಯವರಾದ ನಮಗೂ ಗೊತ್ತು. ಸಂಜೆ ಇಗರ್ಜಿಯ ಗಂಟೆ ಕೇಳಿದ ಕೂಡಲೇ ಗದ್ದೆಯಲ್ಲಿದ್ದವರು ಕೈಯ ಹಾರೆ ಬಿಟ್ಟು ಶಿಲುಬೆಯ ಗುರುತು ಮಾಡ್ತಿದ್ದರು. ದೀಪ ಹಚ್ಚಿದ ಮೇಲೆ ಎಲ್ಲರೂ ಅಲ್ತಾರಿನ ಎದುರು ಮೊಣಕಾಲೂರಿ ತೇರ್ಸ್ ಹೇಳುದು. ನಮ್ಮ ಮನೆಗಳಲ್ಲಿ ಅದೇ ಹೊತ್ತಿಗೆ ದೇವರ ದೀಪ, ಮಕ್ಕಳ ಭಜನೆ, ಬಾಯಿಪಾಠದ ಮಗ್ಗಿ. ಅತ್ತ ಜಪಮಾಲೆಯ ಮಣಿ, ಇತ್ತ ತಾಳ. ತೇರ್ಸ್ ಮುಗಿದ ಮೇಲೆ ಮಕ್ಕಳು ಸಾಲಾಗಿ ಬಂದು ಹಿರಿಯರ ‘ಬೆಸಾಂವ್’ ಕೇಳುದು, ಅಂದ್ರೆ ಆಶೀರ್ವಾದ. ಎಷ್ಟು ಜಗಳ ಮಾಡಿದ ದಿನವಾದ್ರೂ ಬೆಸಾಂವ್ ಕೇಳದೆ ಊಟಕ್ಕೆ ಕೂರುವ ಹಾಗಿಲ್ಲ. ಸಿಟ್ಟನ್ನು ರಾತ್ರಿ ದಾಟಿಸಬಾರದು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉಪಾಯ ನಾನು ಕಾಣೆ.

ಮತ್ತೆ ಸಪ್ಟೆಂಬರ್ 8ರ ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತೆಗೊಂಡು ಹೋಗಿ ಮರಿಯಮ್ಮನಿಗೆ ಹಾಕುದು, ಹಬ್ಬದ ದಿವಸ ಪಾದ್ರಿಗಳು ಹೊಸ ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುದು. ಆ ತೆನೆಯ ಅಕ್ಕಿ ಪುಡಿ ಮಾಡಿ ಪಾಯಸಕ್ಕೋ ಹಾಲಿಗೋ ಹಾಕಿ ಎಲ್ಲರಿಗೂ ಹಂಚುದು. ಮೀನು ಮಾಂಸ ಇಲ್ಲದ ಊಟ, ಪಲ್ಯಗಳ ಲೆಕ್ಕ ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯಲ್ಲಿ. ನಮ್ಮ ಪುದ್ದರಿಗೂ ಅವರ ಮೊಂತಿಗೂ ಎಂಥ ವ್ಯತ್ಯಾಸ ಹೇಳಿ? ಎರಡರಲ್ಲೂ ಹೊಸ ಅಕ್ಕಿ, ಮನೆಯವರೆಲ್ಲ ಒಟ್ಟಿಗೆ ಕೂರುದು. ಕ್ರಿಸ್ಮಸ್ಸಿಗೆ ಅವರ ಮನೆಯಿಂದ ನೆವ್ರಿ, ಕಿಡಿಯೊ, ಗುಳಿಯೊ, ತುಕ್ಕುಡಿ ಹಾಕಿದ ಕುಸ್ವಾರಿನ ತಟ್ಟೆ ಬರ್ತಿತ್ತು. ಆ ತಟ್ಟೆ ಖಾಲಿ ಹಿಂದೆ ಹೋಗ್ತಿರಲಿಲ್ಲ.

ಆಸ್ಕರಣ್ಣ ಹುಟ್ಟಿದಾಗ ಉಡುಪಿ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅವರ ಬಾಲ್ಯದಲ್ಲಿಯೇ ಸ್ವಾತಂತ್ರ್ಯ ಬಂತು, 1949ರಲ್ಲಿ ಉಡುಪಿಗೆ ಎಂಜಿಎಂ ಕಾಲೇಜು ಬಂತು, 1953ರಲ್ಲಿ ಮಣಿಪಾಲಕ್ಕೆ ಮೆಡಿಕಲ್ ಕಾಲೇಜು ಬಂತು, 1956ರಲ್ಲಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದೆವು. ಊರಿನ ಬುದ್ಧಿವಂತ ಹುಡುಗರು ಬೊಂಬಾಯಿಗೆ ಹೋಗ್ತಿದ್ದರು, ಆಮೇಲೆ ಗಲ್ಫಿಗೆ. ಕೆಥೊಲಿಕ್ ಮನೆಗಳಿಂದಂತೂ ಮನೆಗೊಬ್ಬ ಹೊರಗೆ. ಆಸ್ಕರಣ್ಣ ಹೋಗಲಿಲ್ಲ. 1972ರಲ್ಲಿ ಉಡುಪಿ ಪುರಸಭೆಗೆ ಸದಸ್ಯರಾದರು. ಪುರಸಭೆ ಅಂದ್ರೆ ಗೊತ್ತಲ್ಲ, ಚರಂಡಿ, ನಳ್ಳಿ ನೀರು, ಬೀದಿ ದೀಪ. ರಾಜಕೀಯ ಕಲಿತದ್ದು ಅಲ್ಲಿ. ಎಂಟು ವರ್ಷದ ನಂತರ, 1980ರಲ್ಲಿ, ಉಡುಪಿಯಿಂದ ಲೋಕಸಭೆಗೆ ಗೆದ್ದರು. ಆಮೇಲೆ 1984, 1989, 1991, 1996. ಒಟ್ಟು ಐದು ಸಲ.

ಇದರಲ್ಲಿ ಒಂದು ಇತಿಹಾಸ ಉಂಟು, ಅದನ್ನು ನಾವೇ ಮರೆತಿದ್ದೇವೆ. ಉಡುಪಿ ಅಂದ್ರೆ ಜಗತ್ತಿಗೇ ಕೃಷ್ಣ ಮಠದ ಊರು, ಅಷ್ಟಮಠದ ಊರು. ಇಲ್ಲಿ ಕ್ರೈಸ್ತರ ಓಟಿನಿಂದಲೇ ಯಾರೂ ಗೆಲ್ಲುವ ಹಾಗಿಲ್ಲ. ಆದರೂ ಆಸ್ಕರಣ್ಣನಿಗಿಂತ ಮುಂಚೆಯೇ, 1967ರಲ್ಲಿ, ಸ್ವತಂತ್ರ ಪಕ್ಷದಿಂದ ನಿಂತ ಜೆ.ಎಂ. ಲೋಬೊ ಪ್ರಭುಗಳನ್ನು ಉಡುಪಿ ಗೆಲ್ಲಿಸಿ ಕಳಿಸಿತ್ತು. ಅವರೂ ಕೆಥೊಲಿಕ್, ಅವರ ಹೆಸರಿನಲ್ಲಿಯೂ ಪ್ರಭು. ಆಮೇಲೆ ಆಸ್ಕರಣ್ಣನನ್ನು ಹದಿನೆಂಟು ವರ್ಷ ಕಳಿಸಿತು. ಗದ್ದೆ ಬದಿಯ ಹೆಂಗಸರು, ಮೊಗವೀರ್ತಿಯರು, ಬೀಡಿ ಕಟ್ಟುವವರು, ಬ್ಯಾಂಕಿನವರು, ಭಟ್ರು ಎಲ್ಲ ಓಟು ಹಾಕಿದ್ದಕ್ಕೇ ಅಲ್ವಾ ಅದು ಆದದ್ದು? ಬಾಯಿಯಲ್ಲಿ ‘ಆಸ್ಕರಣ್ಣ’. ನಮ್ಮಲ್ಲಿ ‘ಅಣ್ಣ’ ಅಂತ ಎಲ್ಲರಿಗೂ ಹೇಳ್ತೇವೆ ನಿಜ, ಆದರೆ ಸಂಸದರಿಗೆ ಸಾರ್ ಅನ್ನದೆ ಅಣ್ಣ ಅನ್ನುದು ಎಲ್ಲರಿಗೂ ಸಿಗುದಿಲ್ಲ. ಅವರು ಗೆಲ್ಲಲಿಕ್ಕೆ ಪಕ್ಷದ ಬಲ ಇತ್ತು, ಇಂದಿರಾಗಾಂಧಿಯ ಹೆಸರು ಇತ್ತು, ಅದನ್ನು ಬಿಟ್ಟು ಹೇಳಿದ್ರೆ ಇತಿಹಾಸ ಆಗುದಿಲ್ಲ. ಆದರೂ ನೆರೆಯವರು ನಂಬಿದ್ದು ದೊಡ್ಡದು.

ಸಂಸದರಾದ ಮೇಲೆ ಮದುವೆ. ನಲವತ್ತು ವರ್ಷಕ್ಕೆ ಮದುವೆ ಅಂದ್ರೆ ಆಗಿನ ಕಾಲದಲ್ಲಿ ಊರಿನ ಬಾಯಿ ಸುಮ್ಮನೆ ಇರ್ತದಾ? ‘ಇನ್ನು ಎಂಥ ಮದುವೆ’ ಅನ್ನುವ ವಯಸ್ಸು ಅದು ನಮ್ಮ ಕಡೆ. ಕೆಥೊಲಿಕರಲ್ಲಿ ಮದುವೆ ಅಂದ್ರೆ ಒಂದು ಸಂಸ್ಕಾರ, ಇಗರ್ಜಿಯ ಪುಸ್ತಕದಲ್ಲಿ ಬರೆದಿಡುವಂಥದ್ದು, ಬಿಡ್ಲಿಕ್ಕೆ ಇಲ್ಲದ್ದು. ಮುಂಚಿನ ದಿನ ‘ರೋಸ್’. ತೆಂಗಿನ ಹಾಲು, ಎಣ್ಣೆ ಹಚ್ಚಿ ಮದುಮಕ್ಕಳನ್ನು ಹಾಡು ಹೇಳ್ತಾ ತೋಯಿಸುದು. ನಮ್ಮ ಎಣ್ಣೆ ಅರಸಿನದ ಅಕ್ಕನೋ ತಂಗಿಯೋ ಇರಬೇಕು ಅದು. ಮದುಮಗಳಿಗೆ ಕೆಂಪು ‘ಸಾಡೊ’ ಸೀರೆ, ಕುತ್ತಿಗೆಗೆ ಕರಿಮಣಿ. ಎಷ್ಟು ದೊಡ್ಡವರ ಮದುವೆಯಾದ್ರೂ ಪಾದ್ರಿಗಳ ಎದುರು ಹೇಳುವ ಮಾತು ಒಂದೇ: ಸುಖದಲ್ಲೂ ಕಷ್ಟದಲ್ಲೂ, ಆರೋಗ್ಯದಲ್ಲೂ ಕಾಯಿಲೆಯಲ್ಲೂ, ಮರಣದವರೆಗೆ. ಆ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗ್ತದೆ.

ಒಬ್ಬ ಮಗ, ಒಬ್ಬಳು ಮಗಳು. ಗಂಡ ದೆಹಲಿಯಲ್ಲಿ. 1985ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರ ಮೂವರು ಸಂಸದೀಯ ಕಾರ್ಯದರ್ಶಿಗಳಲ್ಲಿ ಇವರೂ ಒಬ್ಬರು. ಆಮೇಲೆ ಪಕ್ಷದ ಕೆಲಸ, ಈಶಾನ್ಯದ ರಾಜ್ಯಗಳ ತಿರುಗಾಟ, ಮಂತ್ರಿಗಿರಿ. ಅವರನ್ನು ಕಾಣಲಿಕ್ಕೆ ದೆಹಲಿಗೆ ಹೋದವರೆಲ್ಲ ಬಂದು ಹೇಳ್ತಿದ್ದ ಒಂದು ಕಥೆ ಉಂಟು. ರಾತ್ರಿ ಹನ್ನೆರಡು, ಒಂದು, ಎರಡು ಗಂಟೆಗೂ ಅವರ ಮನೆಯಲ್ಲಿ ಜನ ಕಾಯ್ತಿದ್ದರಂತೆ, ಅವರೂ ಒಬ್ಬೊಬ್ಬರನ್ನಾಗಿ ಕರೆದು ಮಾತಾಡ್ತಿದ್ದರಂತೆ. ಊರಿಂದ ಹೋದವರಿಗೆ ಅದು ಹೆಮ್ಮೆಯ ಕಥೆ. ನಾನು ಅದನ್ನು ಕೇಳಿದಾಗೆಲ್ಲ ಅಡುಗೆಮನೆಯ ಕಡೆಯಿಂದ ಯೋಚನೆ ಮಾಡ್ತೇನೆ. ಎರಡು ಗಂಟೆಗೆ ಬರುವ ಗಂಡನ ಊಟ ಯಾವ ಹೊತ್ತಿಗೆ? ಬಂದವರಿಗೆಲ್ಲ ಚಾ ಯಾರು ಕಳಿಸಿದ್ದು? ಮಕ್ಕಳ ಶಾಲೆಯ ಕಾರ್ಡಿಗೆ ರುಜು ಹಾಕಿದ್ದು ಯಾರು? ಊರಿಡೀ ‘ನಮ್ಮವ’ ಅಂತ ಹೇಳುವ ಗಂಡಸಿನ ಮನೆಯಲ್ಲಿ, ಅವನ ಹೊತ್ತನ್ನು ಊರಿಗೆ ಬಿಟ್ಟುಕೊಟ್ಟ ಹೆಂಗಸೊಬ್ಬಳು ಇದ್ದೇ ಇರ್ತಾಳೆ. ಬ್ಲೋಸಂ ಅವರೂ ಸಾರ್ವಜನಿಕ ಕೆಲಸಕ್ಕೆ ಬಂದವರು, ಮನೆಯೊಳಗೇ ಉಳಿದವರಲ್ಲ. ಆದರೂ ಪಟ್ಟಿ ಬರೆಯುವವರು ಅವರ ಹೆಸರನ್ನು ಕಡೆಯ ಸಾಲಿನಲ್ಲಿ ಹಾಕ್ತಾರೆ, ‘ಪತ್ನಿ, ಪುತ್ರ, ಪುತ್ರಿಯನ್ನು ಅಗಲಿದ್ದಾರೆ’ ಅಂತ.

ಮಂತ್ರಿಗಿರಿಯಲ್ಲಿ ನಮಗೆ ಸಂಬಂಧಪಟ್ಟದ್ದು ಒಂದು ಹೇಳಲೇಬೇಕು. 2006ರಿಂದ 2009ರವರೆಗೆ ಅವರು ಕೇಂದ್ರದಲ್ಲಿ ಕಾರ್ಮಿಕ ಮಂತ್ರಿ. ಕಾರ್ಮಿಕ ಇಲಾಖೆ ಅಂದ್ರೆ ನಮ್ಮ ಹೆಂಗಸರಿಗೆ ದೂರದ್ದಲ್ಲ. ಹಿರಿಯಡ್ಕ, ಪೆರ್ಡೂರು, ಕಾರ್ಕಳ ಎಲ್ಲಿ ಹೋದ್ರೂ ಬೀಡಿ ಕಟ್ಟದ ಮನೆ ಇತ್ತಾ? ಮಡಿಲಲ್ಲಿ ತಡ್ಪೆ, ಎಲೆ ನೀರಿಗೆ ಹಾಕುದು, ಕತ್ತರಿಸುದು, ಸುರುಟುದು, ನೂಲು ಕಟ್ಟುದು, ಲೆಕ್ಕ ಮಾಡಿ ಬ್ರಾಂಚಿಗೆ ಕೊಂಡುಹೋಗುದು. ಬ್ರಾಂಚಿನವ ಚಂದ ಇಲ್ಲ ಅಂತ ಹಿಂದೆ ಹಾಕಿದ್ದನ್ನು ನೋಡಿ ಕಣ್ಣಲ್ಲಿ ನೀರು ಬಂದವರು ನಮ್ಮಲ್ಲೇ ಎಷ್ಟೋ ಜನ. ಎಷ್ಟು ಮದುವೆಯ ಬಂಗಾರ ಬೀಡಿಯ ಪಿಎಫ್ ದುಡ್ಡಿನಿಂದ ಆಗಿದೆ! ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾನೂನು 1976ರದ್ದು, ಮಕ್ಕಳ ಸ್ಕಾಲರ್‌ಶಿಪ್ ಬರುದು ಅದರಿಂದ. ಆ ನಿಧಿ, ಆ ಪಿಎಫ್ ಎಲ್ಲ ಕಾರ್ಮಿಕ ಇಲಾಖೆಯ ಕೈಯಲ್ಲಿ.

ಅವರು ಆ ಇಲಾಖೆಯಲ್ಲಿದ್ದಾಗ 2008ರ ಏಪ್ರಿಲ್ 1ಕ್ಕೆ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಸುರು ಆಯ್ತು. ಬಡತನ ರೇಖೆಯ ಕೆಳಗಿನ ಒಂದು ಕುಟುಂಬದ ಐದು ಜನಕ್ಕೆ ಸೇರಿ ವರ್ಷಕ್ಕೆ 30,000 ರೂಪಾಯಿಯ ಆಸ್ಪತ್ರೆ ಖರ್ಚು, ನೋಂದಣಿಗೆ ಕಟ್ಟಬೇಕಾದ್ದು 30 ರೂಪಾಯಿ. ಈಗಿನ ಬಿಲ್ಲು ನೋಡುವಾಗ 30,000 ಎಂಥದೂ ಅಲ್ಲ ಅಂತ ಕಾಣ್ತದೆ. ಆದರೆ ಆಸ್ಪತ್ರೆ ಅಂದ ಕೂಡಲೇ ಬಳೆ ಅಡವು ಇಡುವ ಮನೆಗೆ ಅದು ದೊಡ್ಡ ಆಸರೆ. ಅದೇ ವರ್ಷ ಹೆರಿಗೆ ಸೌಲಭ್ಯದ ಕಾನೂನಿಗೆ ತಿದ್ದುಪಡಿಯಾಗಿ ಮೆಡಿಕಲ್ ಬೋನಸ್ 250 ರೂಪಾಯಿ ಇದ್ದದ್ದು 1,000 ಆಯ್ತು. ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನು ಬಂದದ್ದೂ 2008ರಲ್ಲಿ. ಇದೆಲ್ಲ ಅವರೊಬ್ಬರದೇ ಕೆಲಸ ಅಂತ ನಾನು ಹೇಳುದಿಲ್ಲ. ಸರಕಾರ ಅಂದ್ರೆ ನೂರು ಕೈ. ಆದರೆ ಆ ಕುರ್ಚಿಯಲ್ಲಿ ಕೂತದ್ದು ಬೀಡಿ ಕಟ್ಟುವ ಊರಿನವರು.

ಇನ್ನೊಂದು ವಿಷಯ ಜನ ಅಷ್ಟು ಮಾತಾಡುದಿಲ್ಲ. ಎಚ್‌ಐವಿ, ಏಡ್ಸ್ ಬಗ್ಗೆ ಸಂಸದರು ಪಕ್ಷಭೇದ ಬಿಟ್ಟು ಮಾಡಿದ ವೇದಿಕೆಗೆ ಆಸ್ಕರಣ್ಣ ಸಂಚಾಲಕರು. ಆ ರೋಗದ ಹೆಸರು ಬಾಯಲ್ಲಿ ಹೇಳ್ಲಿಕ್ಕೂ ಹೆದರುವ ಕಾಲ ಅದು. ರೋಗ ಬಂದ ಗಂಡನ ಹೆಂಡತಿಯನ್ನು ತವರಿಗೂ ಸೇರಿಸದ, ಮಕ್ಕಳನ್ನು ಶಾಲೆಗೂ ಸೇರಿಸದ ಕಾಲ. ಇಗರ್ಜಿಗೆ ಹೋಗುವ, ಮೆತ್ತಗೆ ಮಾತಾಡುವ, ಕುಟುಂಬಸ್ಥ ಅಂತ ಹೆಸರಾದ ಮನುಷ್ಯ ಎದ್ದು ನಿಂತು ‘ಇದನ್ನು ಮುಚ್ಚಿಡಬೇಡಿ, ಅವರನ್ನು ದೂರ ಮಾಡಬೇಡಿ’ ಅನ್ನುವ ಕೆಲಸಕ್ಕೆ ಇಳಿದದ್ದು ನನಗೆ ಅವರ ಮಂತ್ರಿಗಿರಿಗಿಂತ ಹೆಚ್ಚು. ಭಕ್ತಿ ಇದ್ದವರು ಪಾಪದ ಲೆಕ್ಕ ಹಾಕ್ತಾ ಕೂರ್ತಾರೆ ಅಂತ ನಾವು ತಿಳ್ಕೊಳ್ತೇವೆ. ಇವರು ಹಾಗೆ ಕೂರಲಿಲ್ಲ.

ಗೆಲುವು ಮಾತ್ರ ಹೇಳಿದ್ರೆ ಕಥೆ ಅರ್ಧ. 1998ರಲ್ಲಿ ಇದೇ ಉಡುಪಿ ಅವರನ್ನು ಸೋಲಿಸಿತು. ಗೆದ್ದವರು ಬಿಜೆಪಿಯ ಐ.ಎಂ. ಜಯರಾಮ ಶೆಟ್ಟರು. ಅಲ್ಲಿಂದ ಮೇಲೆ ಆಸ್ಕರಣ್ಣ ರಾಜ್ಯಸಭೆಯಿಂದಲೇ ದೆಹಲಿಗೆ ಹೋದದ್ದು. ಊರಿನ ಮನಸ್ಸು ಬೇರೆ ಕಡೆ ತಿರುಗಿತ್ತು, ತಿರುಗುವ ಹಕ್ಕು ಊರಿಗೆ ಉಂಟು. ಓಟಿನ ಸೋಲು ಗೆಲುವು ಬೇರೆ, ಆದರೆ ಹತ್ತು ವರ್ಷದ ನಂತರ ಆದದ್ದು ಬೇರೆ. 2008ರ ಸಪ್ಟೆಂಬರಿನಲ್ಲಿ, ಮೊಂತಿ ಹಬ್ಬ ಕಳೆದ ವಾರವೇ, ಮಂಗಳೂರು ಉಡುಪಿ ಕಡೆ ಕ್ರೈಸ್ತರ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆಯ್ತು. ಮಂಗಳೂರಿನಲ್ಲಿ ಸಿಸ್ಟರುಗಳು ಆರಾಧನೆ ಮಾಡುವ ಮಠದ ಒಳಗೇ ನುಗ್ಗಿ ಶಿಲುಬೆಯ ಪ್ರತಿಮೆ ಒಡೆದರು. ಆಗ ಕೇಂದ್ರದಲ್ಲಿ ಮಂತ್ರಿ ಆಗಿದ್ದವರು ಇದೇ ಆಸ್ಕರಣ್ಣ. ಒಂದು ಕಾಲದಲ್ಲಿ ಐದು ಸಲ ಓಟು ಹಾಕಿ ‘ಅಣ್ಣ’ ಅಂದ ಜಿಲ್ಲೆಯಲ್ಲಿ, ಬಾಯಮ್ಮಂದಿರು ಇಗರ್ಜಿಗೆ ಹೋಗ್ಲಿಕ್ಕೆ ಹೆದರುವ ಹಾಗೆ ಆದದ್ದು ಹೇಗೆ? ಕುಸ್ವಾರಿನ ತಟ್ಟೆ ಅಷ್ಟು ವರ್ಷ ಆಚೆ ಈಚೆ ಹೋದದ್ದು ಸಾಕಾಗಲಿಲ್ಲವಾ? ಈ ಪ್ರಶ್ನೆ ನಮ್ಮಂಥ ಮನೆಯವರಿಗೇ ಬಿಟ್ಟದ್ದು. ಗಂಡಸರು ರಾಜಕೀಯ ಮಾತಾಡಿ ಏಳ್ತಾರೆ, ನೆರೆಮನೆಯ ಬೇಲಿಯ ಹತ್ತಿರ ನಿಂತು ದಿನಾ ಮಾತಾಡುವವರು ನಾವು.

ಆಸ್ಕರಣ್ಣ ಮಾತ್ರ ತಮ್ಮ ಮಟ್ಟಿಗೆ ಬೇಲಿ ಹಾಕಿಕೊಂಡವರಲ್ಲ. ದೊಡ್ಡವರಾದ ಮೇಲೆ ಕೂಚಿಪುಡಿ ನೃತ್ಯ ಕಲಿತು ವೇದಿಕೆ ಹತ್ತಿದರು. ಕೂಚಿಪುಡಿ ಅಂದ್ರೆ ಅದರ ಜೀವವೇ ಕೃಷ್ಣ ಸತ್ಯಭಾಮೆಯರ ಕಥೆ. ಜೇಬಿನಲ್ಲಿ ಮೌತ್ ಆರ್ಗನ್, ಕೇಳಿದ್ರೆ ಊದಿ ತೋರಿಸುದು. ಯೋಗ ನಿತ್ಯ. ಯೋಗ ಹಿಂದುಗಳದ್ದು, ತೇರ್ಸ್ ಕ್ರಿಸ್ತರದ್ದು ಅಂತ ಗೆರೆ ಎಳೆಯುವವರು ಈಗ ಎರಡೂ ಕಡೆ ಇದ್ದಾರೆ. ಇವರು ಯೋಗ ಮಾಡಿದರು, ಇಗರ್ಜಿಗೂ ಹೋದರು, ಎರಡರಲ್ಲಿಯೂ ಯಾರ ಹತ್ತಿರವೂ ಕ್ಷಮೆ ಕೇಳಲಿಲ್ಲ.

ಅದೇ ಯೋಗ ಮಾಡುವಾಗ, 2021ರ ಜುಲೈಯಲ್ಲಿ, ಮಂಗಳೂರಿನ ಮನೆಯಲ್ಲಿ ಬಿದ್ದದ್ದು. ಬಿದ್ದಾಗ ಅದು ದೊಡ್ಡದು ಅಂತ ಯಾರಿಗೂ ಕಾಣಲಿಲ್ಲ. ಆಮೇಲೆ ತಪಾಸಣೆಗೆ ಹೋದಾಗ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದು ಗೊತ್ತಾಯ್ತು. ಯೆನೆಪೋಯ ಆಸ್ಪತ್ರೆಯಲ್ಲಿ ಐಸಿಯು, ಆಪರೇಷನ್, ಮತ್ತೆ ಎಚ್ಚರ ಇಲ್ಲದೆ ವಾರಗಟ್ಟಲೆ. ಇಲ್ಲಿ ನಾನು ಕಥೆ ನಿಲ್ಲಿಸಿ ನಿಮಗೆ ಒಂದು ಮಾತು ಹೇಳಬೇಕು. ಮನೆಯಲ್ಲಿ ವಯಸ್ಸಾದವರು ಬಿದ್ದು ತಲೆಗೆ ಪೆಟ್ಟಾದ್ರೆ, ‘ಎಂಥದೂ ಆಗಲಿಲ್ಲ, ಎದ್ದು ನಡೆದರು’ ಅಂತ ಬಿಡಬೇಡಿ. ವಯಸ್ಸಾದವರಿಗೆ ತಲೆಯೊಳಗೆ ರಕ್ತ ನಿಧಾನಕ್ಕೆ ಜಿನುಗಿ, ದಿವಸಗಳ ನಂತರ, ಕೆಲವರಿಗೆ ವಾರಗಳ ನಂತರ ಗೊತ್ತಾಗುದುಂಟು. ರಕ್ತ ತೆಳು ಮಾಡುವ ಮಾತ್ರೆ ತೆಗೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ತಲೆನೋವು, ವಾಂತಿ, ಇಡೀ ದಿನ ಮಂಪರು, ಮಾತು ತಡವರಿಸುದು, ನಡಿಗೆ ವಾಲುದು, ಇದರಲ್ಲಿ ಯಾವುದು ಕಂಡರೂ ಆ ಕೂಡಲೇ ಆಸ್ಪತ್ರೆಗೆ ಕೊಂಡುಹೋಗಿ. ಏನೂ ಕಾಣದಿದ್ದರೂ ಒಮ್ಮೆ ಡಾಕ್ಟರಿಗೆ ತೋರಿಸಿ. ಅವರೇ ಬೇಡ ಅಂದ್ರೂ ಕೇಳಬೇಡಿ.

ಈಗ ಆ ಮದುವೆಯ ಮಾತಿಗೆ ಬರ್ತೇನೆ. ಮದುವೆ ದಿನ 1981ರ ಆಗಸ್ಟ್ 26. ಅದರ ನಲವತ್ತನೇ ವರ್ಷ ತುಂಬಿದ್ದು 2021ರ ಆಗಸ್ಟ್ 26ಕ್ಕೆ. ಅವತ್ತು ಗಂಡ ಆಸ್ಪತ್ರೆಯ ಮಂಚದಲ್ಲಿ, ಎಚ್ಚರ ಇಲ್ಲ. ಪೇಪರಿನ ಯಾವ ಪಟ್ಟಿಯಲ್ಲಿಯೂ ಈ ತಾರೀಕು ಬಂದದ್ದು ನಾನು ಕಾಣಲಿಲ್ಲ. ನನಗೆ ಮಾತ್ರ ಅವರ ಇಡೀ ಎಂಬತ್ತು ವರ್ಷದಲ್ಲಿ ಆ ಒಂದು ದಿನ ಮನಸ್ಸಿನಿಂದ ಹೋಗುದಿಲ್ಲ. ‘ಆರೋಗ್ಯದಲ್ಲೂ ಕಾಯಿಲೆಯಲ್ಲೂ’ ಅಂತ ಅಲ್ತಾರಿನ ಎದುರು ಹೇಳುವಾಗ ಎಲ್ಲರಿಗೂ ಪ್ರಾಯ ಇರ್ತದೆ, ಹೂವಿನ ವಾಸನೆ ಇರ್ತದೆ. ಆ ಮಾತಿನ ಸಾಲ ತೀರಿಸುದು ಇಂಥ ದಿನದಲ್ಲಿ. ಊರಿಗೆ ಹಂಚಿ ಉಳಿದ ಗಂಡನ ಹೊತ್ತು ಆ ಮನೆಯವರಿಗೆ ಪೂರ್ತಿಯಾಗಿ ಸಿಕ್ಕಿದ್ದು ಆ ಎಂಟು ವಾರ, ಅದೂ ಮಾತಿಲ್ಲದೆ. ಹೊರಗೆ ದೇವಸ್ಥಾನ, ದರ್ಗಾ, ಇಗರ್ಜಿಗಳಲ್ಲಿ ಜನ ಪ್ರಾರ್ಥನೆ ಮಾಡಿಸ್ತಿದ್ದರು.

ತೀರಿಕೊಂಡದ್ದು ಮೊಂತಿ ಹಬ್ಬ ಕಳೆದು ಐದನೇ ದಿವಸ. ಶರೀರವನ್ನು ಉಡುಪಿಗೆ ತಂದು ಶೋಕಮಾತೆಯ ಇಗರ್ಜಿಯಲ್ಲಿ ಬಲಿಪೂಜೆ ಮಾಡಿದರು. ಶೋಕಮಾತೆ ಅಂದ್ರೆ ಮಗನ ಶರೀರವನ್ನು ಮಡಿಲಲ್ಲಿ ಇಟ್ಟುಕೊಂಡ ಮರಿಯಮ್ಮ. ಅವಳ ಹಬ್ಬ ಸಪ್ಟೆಂಬರ್ 15ಕ್ಕೆ. ಹಬ್ಬದ ತಯಾರಿಯ ಹೊತ್ತಿಗೇ ಆ ಊರಿನ ಮಗ ಅಲ್ಲಿಗೆ ಬಂದದ್ದು. ಆಮೇಲೆ ಮಂಗಳೂರು, ಅಲ್ಲಿಂದ ಬೆಂಗಳೂರು. ಸಪ್ಟೆಂಬರ್ 16ಕ್ಕೆ ಬೆಂಗಳೂರಿನಲ್ಲಿ ಮಣ್ಣು ಮಾಡಿದರು. ಅವರು ಹುಟ್ಟಿದಾಗ ಉಡುಪಿಗೆ ತನ್ನದೇ ಜಿಲ್ಲೆಯೂ ಇರಲಿಲ್ಲ, ತನ್ನದೇ ಬಿಷಪರೂ ಇರಲಿಲ್ಲ. ಹೋಗುವಾಗ ಎರಡೂ ಇತ್ತು. ಜಿಲ್ಲೆ 1997ರಲ್ಲಿ, ಧರ್ಮಪ್ರಾಂತ್ಯ 2012ರಲ್ಲಿ.

ಕೆಥೊಲಿಕರು ನವೆಂಬರ್ 2ಕ್ಕೆ ಸತ್ತವರ ದಿನ ಮಾಡ್ತಾರೆ. ಸಮಾಧಿಯ ಹುಲ್ಲು ಕೀಳ್ತಾರೆ, ತೊಳೀತಾರೆ, ಹೂ ಇಟ್ಟು ಮೇಣದಬತ್ತಿ ಹಚ್ತಾರೆ. ಕತ್ತಲೆ ಆಗುವಾಗ ಇಡೀ ಗುಡ್ಡೆಯೇ ಬೆಳಗ್ತದೆ. ಈ ಸಲ ನಿಮ್ಮ ಹತ್ತಿರದ ಬಾಯಮ್ಮನ ಮನೆಯವರು ಹೊರಡುವಾಗ, ಅಂಗಳದ ಸೇವಂತಿಗೆಯೋ ಗೊಂಡೆಯೋ ಒಂದು ಮುಷ್ಟಿ ಕೊಯ್ದು ಕೊಡಿ. ಯಾರ ಸಮಾಧಿಗೆ ಅಂತ ಅವರು ಕೇಳಿದ್ರೆ, ನಿಮ್ಮ ಮನೆಗೆ ತಟ್ಟೆ ಕಳಿಸ್ತಿದ್ದ ಆ ಹಳೆಯ ಬಾಯಮ್ಮನ ಹೆಸರು ಹೇಳಿ.